ಕಾಲುಪಟ್ಟಿಯ ಹೊಲಿಗೆ

ಪಾಂಡವಪುರದ ರೈಲ್ವೆ ಸ್ಟೇಷನ್ ರಸ್ತೆಯಲ್ಲಿರುವ ರಂಗಸ್ವಾಮಿಯವರ ಹೊಲಿಗೆ ಕಾರ್ಖಾನೆಯಲ್ಲಿ ಆ ಮಂಗಳವಾರ ಬೆಳಿಗ್ಗೆಯಿಂದಲೇ ಗಡಿಬಿಡಿ. ಗೇಟಿಗೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಆಫ್ರಿಕಾದ ಒಂದು ದೇಶದ ಸೇನೆಯವರು ಬರುವವರಿದ್ದರು. ಅವರ ಜೊತೆ ಬೆಂಗಳೂರಿನಿಂದ ಕೇಂದ್ರ ಸರ್ಕಾರದ ತಪಾಸಣಾಧಿಕಾರಿ. ಅವರು ಪರೀಕ್ಷಿಸಬೇಕಾದದ್ದು ಪ್ಯಾರಾಚೂಟಿನ ಹಾರ್ನೆಸ್ಸುಗಳನ್ನು. ವಿಮಾನದಿಂದ ಜಿಗಿಯುವ ಸೈನಿಕ ತೊಡೆಗೆ, ಎದೆಗೆ, ಹೆಗಲಿಗೆ ಬಿಗಿದುಕೊಳ್ಳುವ ಪಟ್ಟಿಗಳ ಕಟ್ಟು ಅದು. ಅಂಥ ಮುನ್ನೂರ ಇಪ್ಪತ್ತು ಹಾರ್ನೆಸ್ಸುಗಳು ಮೂವತ್ತೆರಡು ಪೆಟ್ಟಿಗೆಗಳಲ್ಲಿ ಗೋಡೆಗೆ ಒರಗಿ ಕೂತಿದ್ದವು.

ಬಂದವರಿಗೆ ತೋರಿಸಲು ಒಂದನ್ನು ಸ್ಟ್ಯಾಂಡಿಗೆ ತೊಡಿಸಿಡಿ ಎಂದು ರಂಗಸ್ವಾಮಿ ಹೇಳಿದ್ದರಿಂದ ಸೂಪರ್‌ವೈಸರ್ ಪ್ರಮೀಳಾ ಹತ್ತೊಂಬತ್ತನೆಯ ಪೆಟ್ಟಿಗೆ ಬಿಚ್ಚಿ ಮೇಲಿನದನ್ನು ಎತ್ತಿಕೊಂಡಳು. ಪಟ್ಟಿಗಳನ್ನು ನೇರ ಮಾಡುತ್ತಿದ್ದಾಗ ತೊಡೆ ಬಿಗಿಯುವ ಕಾಲುಪಟ್ಟಿಯ ಕೂಡು ಹೊಲಿಗೆಯ ಹತ್ತಿರ ಹೆಬ್ಬೆರಳಿಗೆ ಏನೋ ಒರಟಾಗಿ ತಾಗಿತು.

ಹೊಲಿಗೆ ಮುಗಿದ ಮೇಲೆ ಪ್ರತಿ ದಾರದ ತುದಿಗೂ ಲೈಟರಿನ ಉರಿ ತೋರಿಸುವುದು ಅಲ್ಲಿನ ಕ್ರಮ. ನೈಲಾನ್ ದಾರವಾದರೆ ತುದಿ ಕರಗಿ ಸಾಸಿವೆ ಕಾಳಿನಷ್ಟು ಗಂಟಾಗಿ ನಿಲ್ಲುತ್ತದೆ. ಈ ತುದಿಯಲ್ಲಿ ಗಂಟಿರಲಿಲ್ಲ. ಕಪ್ಪಗೆ ಸುಟ್ಟಿತ್ತು. ಉಜ್ಜಿದರೆ ಬೂದಿ ಉದುರಿ, ಒಳಗಿನಿಂದ ಹತ್ತಿಯಂಥ ಎಳೆ ಬಿಚ್ಚಿಕೊಂಡಿತು.

ಹಾರ್ನೆಸ್ಸು ತುಂಬುವ ಚೀಲಗಳನ್ನು ಹೊಲಿಯಲು ತರಿಸಿದ್ದ ಸಾಧಾರಣ ದಾರ ಅದು. ಬಣ್ಣ ಮಾತ್ರ ಎರಡಕ್ಕೂ ಒಂದೇ, ಕಡು ಹಸಿರು.

ಅದು ಹೇಗೆ ಅಲ್ಲಿಗೆ ಬಂತು ಎಂದು ಯೋಚಿಸಬೇಕಾದ ಅಗತ್ಯವೇ ಇರಲಿಲ್ಲ. ಹಿಂದಿನ ಗುರುವಾರ ಮಧ್ಯಾಹ್ನ ಒಂಬತ್ತನೇ ಮಿಷನ್ನಿನ ಪೂಜ, ದಾರ ಮುಗಿದು ಕೈಕಟ್ಟಿ ಕೂತಿದ್ದಳು. ಸ್ಟೋರಿನವನು ಊಟಕ್ಕೆ ಹೋಗಿದ್ದ. ದಿನದ ಲೆಕ್ಕ ಹಿಂದೆ ಬೀಳುತ್ತದೆಂದು ಪ್ರಮೀಳಾಳೇ ಒಳಗೆ ಹೋಗಿ, ಚೀಟಿ ಕಿತ್ತುಹೋಗಿದ್ದ ಒಂದು ದಾರದ ಕೋನ್ ತಂದು ಪೂಜಳ ಮಿಷನ್ನಿಗೆ ಏರಿಸಿದ್ದಳು. ರಿಜಿಸ್ಟರಿನಲ್ಲಿ ಬರೆದಿರಲಿಲ್ಲ. ಆ ಕೋನ್ ಎಷ್ಟು ಹಾರ್ನೆಸ್ಸುಗಳಿಗೆ ಓಡಿತು, ಅವು ಯಾವ ಪೆಟ್ಟಿಗೆ ಸೇರಿದವು ಎಂಬುದಕ್ಕೆ ಎಲ್ಲೂ ದಾಖಲೆಯಿಲ್ಲ.

ಪ್ರಮೀಳಾಳಿಗೆ ಆಗ ಮೂವತ್ತೊಂಬತ್ತು. ಹುಟ್ಟಿದ್ದು ದೇವಲಾಪುರದಲ್ಲಿ, ಕೊಟ್ಟಿದ್ದು ಹೊಣಕೆರೆ ಕಡೆಗೆ. ಗಂಡ ನಿಂಗರಾಜು ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನು. ಅವಳು ಎಂಟು ವರ್ಷ ಶ್ರೀರಂಗಪಟ್ಟಣದ ಬಳಿಯ ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರು ಹೊಲಿದವಳು. ಅಲ್ಲಿ ಹೊಲಿಗೆ ತಪ್ಪಿದರೆ ಬೈಗುಳ ಬೀಳುತ್ತಿತ್ತು, ಅಷ್ಟೇ. ಟಾರ್ಪಾಲು, ಟ್ರಾಕ್ಟರು ಸೀಟಿನ ಕವರು ಹೊಲಿಸುತ್ತಿದ್ದ ರಂಗಸ್ವಾಮಿ ನಮ್ಮ ಸೇನೆಗೆ ಪಟ್ಟಿ, ಚೀಲಗಳನ್ನು ಮಾಡಿಕೊಡುವ ಕೆಲಸ ಹಿಡಿದಾಗ ಇಲ್ಲಿಗೆ ಬಂದು ಸೇರಿದ್ದಳು. ಆಮೇಲೆ ಸರ್ಕಾರ ಸಣ್ಣ ಕಾರ್ಖಾನೆಗಳವರಿಗೂ ರಕ್ಷಣಾ ಮೇಳದಲ್ಲಿ ಮಳಿಗೆ ಕೊಟ್ಟಿತು. ನಮ್ಮ ರಾಯಭಾರ ಕಚೇರಿಯವರೇ ಆ ದೇಶದವರನ್ನು ಕರೆತಂದು ರಂಗಸ್ವಾಮಿಗೆ ಪರಿಚಯ ಮಾಡಿಸಿದರು. ದೆಹಲಿಯಿಂದ ರಫ್ತಿನ ಅನುಮತಿ ಬರಲು ಹನ್ನೊಂದು ತಿಂಗಳು ಹಿಡಿಯಿತು. ಬಂದ ದಿನ ಅರವತ್ತು ಹೆಂಗಸರಿಗೂ ಲಾಡು ಹಂಚಿದ್ದರು. ಈ ಸರಕು ಪಾಸಾದರೆ ಅವರ ದೇಶದಲ್ಲೇ ಜಂಟಿಯಾಗಿ ಒಂದು ಹೊಲಿಗೆ ಘಟಕ ತೆರೆಯುವ ಮಾತೂ ಎರಡು ಸರ್ಕಾರಗಳ ನಡುವೆ ನಡೆದಿತ್ತು.

ಇಷ್ಟೆಲ್ಲ ಈಗ ಅವಳ ಹೆಬ್ಬೆರಳಿನ ಕೆಳಗಿತ್ತು.

ಪ್ರೊಡಕ್ಷನ್ ಮ್ಯಾನೇಜರ್ ತಿಮ್ಮೇಶ ಹೂಕುಂಡ ಇಡಿಸುತ್ತಿದ್ದ. ಅವನನ್ನು ಮೂಲೆಗೆ ಕರೆದು ತೋರಿಸಿದಳು. ಅವನು ಎರಡು ಸಲ ಉಜ್ಜಿ ನೋಡಿ ಅತ್ತಿತ್ತ ಕಣ್ಣಾಡಿಸಿದ.

“ಇಂಥವು ಎಷ್ಟವೆ?”

“ಗೊತ್ತಿಲ್ಲ ಸಾರ್. ಒಂದು ಕೋನು ಅಂದ್ರೆ ಹದಿನೈದೋ ಇಪ್ಪತ್ತೋ. ಯಾವ ಪೆಟ್ಗೇಲವೆ ಅನ್ನೋದೇ ತಿಳೀದು.”

“ಪ್ರಮೀಳಕ್ಕ, ಮುನ್ನೂರಿಪ್ಪತ್ತರಲ್ಲಿ ಅವ್ರು ಎತ್ಕೊಂಡು ನೋಡೋದು ಎಂಟು. ಇದೇ ಕೈಗೆ ಬತ್ತದೆ ಅಂತ ಏನೈತೆ? ಇವತ್ತೊಂದಿನ ಸುಮ್ಕಿದ್ಬುಡಿ. ಪಾಸಾಗ್ಲಿ. ನಾಳೆ ನಾವೇ ಹುಡ್ಕಿ ತೆಗೆದಿಡಾನ.”

“ಪಾಸಾದ ಪೆಟ್ಗೆಗೆ ಅವ್ರು ಸೀಲ್ ಹೊಡೀತಾರಲ್ಲ ಸಾರ್. ನಾಳೆ ಎಂಗ್ ತೆಗಿಯೋದು?”

“ಅನ್ನ ತಿನ್ನೋ ಜಾಗ ಇದು” ಎಂದಷ್ಟೇ ಹೇಳಿ ತಿಮ್ಮೇಶ ಹೂಕುಂಡದ ಕಡೆ ತಿರುಗಿದ.

ಪ್ರಮೀಳಾ ಆ ಹಾರ್ನೆಸ್ಸನ್ನು ಮಡಿಸಿ ಎದೆಗೆ ಅವಚಿಕೊಂಡು ನಿಂತಳು. ಬಾಯಿ ಬಿಟ್ಟರೆ ಮೊದಲು ಕೇಳುವ ಪ್ರಶ್ನೆ, ಕೋನ್ ತಂದವರು ಯಾರು ಎಂಬುದೇ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಪೆಟ್ಟಿಗೆಗಳು ಹಡಗು ಹತ್ತುತ್ತವೆ, ಎಲ್ಲೋ ದೂರದಲ್ಲಿ, ಹೆಸರೂ ಸರಿಯಾಗಿ ನಾಲಿಗೆಗೆ ಹತ್ತದ ಊರಿನಲ್ಲಿ ಇಳಿಯುತ್ತವೆ.

ಪರೀಕ್ಷೆ ವಿಭಾಗದ ಹುಚ್ಚಣ್ಣ ಕೆ.ಆರ್. ಪೇಟೆ ಕಡೆಯವರು. ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಪ್ಯಾರಾಚೂಟು ಮಡಿಸಿ ಹವಾಲ್ದಾರರಾಗಿ ನಿವೃತ್ತರಾದವರು. ಕೆಲಸ ಕಲಿಸುವಾಗ ಅವರು ಒಬ್ಬೊಬ್ಬ ಹೆಂಗಸಿಗೂ ಹಾರ್ನೆಸ್ಸು ತೊಡಿಸಿ ಶೆಡ್ಡಿನ ಕಬ್ಬಿಣದ ತೊಲೆಗೆ ಹತ್ತು ನಿಮಿಷ ನೇತು ಹಾಕಿಸಿದ್ದರು. ಎಲ್ಲರೂ ನಕ್ಕಿದ್ದರು. ಪ್ರಮೀಳಾ ಮೊದಲು ನಕ್ಕು, ನೆಲದಿಂದ ಕಾಲು ಬಿಟ್ಟ ಮೇಲೆ ಸುಮ್ಮನಾಗಿದ್ದಳು. ಮೈಯ ಭಾರವೆಲ್ಲ ತೊಡೆಯ ಎರಡು ಪಟ್ಟಿಗಳ ಮೇಲೆ ಕೂತು, ಆ ಪಟ್ಟಿಗಳು ನಾಲ್ಕು ಬೆರಳಗಲದ ಹೊಲಿಗೆಯನ್ನು ನಂಬಿಕೊಂಡು ನಿಂತದ್ದು ಅವಳ ಮೈಗೆ ಗೊತ್ತಾಗಿತ್ತು.

ಒಂಬತ್ತು ಇಪ್ಪತ್ತಕ್ಕೆ ಅವಳು ರಂಗಸ್ವಾಮಿಯವರ ಕೋಣೆಯ ಬಾಗಿಲು ತಳ್ಳಿದಳು.

ಅವರು ಹೊಲಿಗೆಯ ವಿಷಯವನ್ನೆಲ್ಲ ಕೇಳಿದರು. ಲೈಟರ್ ತರಿಸಿ ತಾವೇ ಸುಟ್ಟು ನೋಡಿದರು. ಮುಖ ಒರೆಸಿಕೊಂಡರು.

“ಯಾವ ಮಿಷನ್ನವ್ವ?”

“ಒಂಬತ್ತು ಸಾರ್. ಕಾಲುಪಟ್ಟಿ ಕೂಡ್ಸೋದು.”

“ಪೂಜಂದಾ?”

“ಊಂ.”

ಕೋನ್ ತಂದದ್ದು ತಾನೆಂದು ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ರಂಗಸ್ವಾಮಿ ಗಡಿಯಾರ ನೋಡಿ ಎದ್ದು, ಹೊಲಿಗೆ ಹಾಲಿಗೆ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದರು: “ಮಿಷನ್ ನಿಲ್ಸಿ. ಅಷ್ಟೂ ಪೆಟ್ಗೆ ಬಿಚ್ಚಿ.”

ಅರವತ್ತು ಜನ ನೆಲಕ್ಕೆ ಕೂತರು. ಒಂದೊಂದು ಹಾರ್ನೆಸ್ಸಿಗೆ ಎರಡು ಕಾಲುಪಟ್ಟಿ, ಒಂದೊಂದು ಪಟ್ಟಿಗೆ ನಾಲ್ಕು ದಾರದ ತುದಿ. ಪ್ರತಿ ತುದಿಯನ್ನೂ ಉಗುರಿನಲ್ಲಿ ಕೆದಕಿ ನೋಡಬೇಕು. ಆಮೇಲೆ ಒಂದೊಂದನ್ನೂ ಹುಚ್ಚಣ್ಣ ಒಬ್ಬರೇ ಭೂತಗನ್ನಡಿ ಹಿಡಿದು ನೋಡಿ ಕೆಟ್ಟದ್ದನ್ನು ಎಡಕ್ಕೆ, ಒಳ್ಳೆಯದನ್ನು ಬಲಕ್ಕೆ ಹಾಕುತ್ತಿದ್ದರು. ಹತ್ತೂವರೆಗೆ ಎಡಗಡೆ ನಾಲ್ಕಿದ್ದವು. ಹನ್ನೊಂದೂವರೆಗೆ ಹನ್ನೊಂದು. ಫ್ಯಾನಿನ ಗಾಳಿಯಲ್ಲೂ ಹೆಂಗಸರ ರವಿಕೆ ಬೆನ್ನಿಗೆ ಅಂಟಿತ್ತು. ಯಾರೂ ಟೀಗೆ ಏಳಲಿಲ್ಲ.

ತಿಮ್ಮೇಶ ಸುಮ್ಮನಿರಲಾರದೆ ಪೂಜಳ ಮುಂದೆ ಬಂದು ನಿಂತ. “ಕಣ್ಣೆಲ್ಲಿತ್ತು ನಿಂಗೆ? ಚೀಲದ ದಾರ ಯಾವ್ದು, ಇದ್ಯಾವ್ದು ಅನ್ನಾದು ಗೊತ್ತಾಗಾಕಿಲ್ವಾ? ನಿನ್ನೊಬ್ಳಿಂದ ಅಷ್ಟು ಜನದ ಬಾಯಿಗೆ ಮಣ್ಣು.”

ಪೂಜ ಮದುವೆಯಾಗಿ ವರ್ಷವಾಗದ ಹುಡುಗಿ. “ನಂಗೆ ಕೊಟ್ಟಿದ್ ದಾರ ನಾ ಹೊಲ್ದೆ ಸಾರ್” ಎಂದಳು. ಕೆದಕುವ ಕೈ ನಿಲ್ಲಿಸದೆ ಅಳತೊಡಗಿದಳು. ಅವಳು ಪ್ರಮೀಳಾಳ ಕಡೆ ನೋಡಲಿಲ್ಲ. ಯಾರು ಕೊಟ್ಟರೆಂದೂ ಹೇಳಲಿಲ್ಲ. ಮರೆತಿದ್ದಳೋ, ಬೇಕೆಂದೇ ಬಿಟ್ಟಳೋ ಪ್ರಮೀಳಾಳಿಗೆ ತಿಳಿಯಲಿಲ್ಲ. ತಿಳಿಯದ್ದರಿಂದ ಇನ್ನೂ ಕಷ್ಟವಾಯಿತು. ಎರಡು ಸಲ ಎದ್ದು ನಿಂತು ಎರಡು ಸಲವೂ ಕೂತಳು.

ಎರಡು ಗಂಟೆಗೆಂದವರು ಒಂದಕ್ಕೆ ಹತ್ತು ನಿಮಿಷ ಇರುವಾಗಲೇ ಬಂದುಬಿಟ್ಟರು. ಎರಡು ಕಾರು ಗೇಟಿನೊಳಗೆ ಬಂದಾಗ ಇನ್ನೂ ಆರು ಪೆಟ್ಟಿಗೆ ನೋಡುವುದು ಬಾಕಿಯಿತ್ತು. ಹಾಲಿನ ತುಂಬ ಹಸಿರು ಪಟ್ಟಿಗಳು ಚೆಲ್ಲಾಡಿದ್ದವು.

ಮೊದಲು ಒಳಗೆ ಕಾಲಿಟ್ಟವರು ತಪಾಸಣಾಧಿಕಾರಿ. “ಏನ್ರೀ ಇದು ರಂಗಸ್ವಾಮಿ? ಸರಕು ಸಿದ್ಧವಿದೆ ಅಂತ ನೀವೇ ಸಹಿ ಹಾಕಿ ಕಳಿಸಿದ್ದೀರಲ್ಲ!” ಅವರ ಹಿಂದೆ ಐವತ್ತರ ಆಸುಪಾಸಿನ ಎತ್ತರದ ಹೆಂಗಸು, ಆ ದೇಶದ ಸೇನೆಯ ಕರ್ನಲ್. ಕೂದಲು ಪೂರಾ ಕತ್ತರಿಸಿದ್ದರು. ನೆಲದಲ್ಲಿ ಕೂತ ಹೆಂಗಸರನ್ನೂ ಎಡಗಡೆಯ ರಾಶಿಯನ್ನೂ ನೋಡಿದರು.

ರಂಗಸ್ವಾಮಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಧಿಕಾರಿ ಅದನ್ನು ಇಂಗ್ಲಿಷಿನಲ್ಲಿ ಕರ್ನಲ್‌ಗೆ ತಿಳಿಸಿದರು. ಆಕೆ ಏನೋ ಕೇಳಿದರು.

“ಕಂಡುಹಿಡಿದವರು ಯಾರು ಅಂತ ಕೇಳ್ತಿದ್ದಾರೆ” ಎಂದರು ಅಧಿಕಾರಿ.

ರಂಗಸ್ವಾಮಿ ಪ್ರಮೀಳಾಳನ್ನು ತೋರಿಸಿದರು. ಮುಂದಿನ ಪ್ರಶ್ನೆಯೂ ಬಂತು: ತಪ್ಪು ದಾರ ಮಿಷನ್ನಿಗೆ ಬಂದದ್ದು ಹೇಗೆ? ತಿಮ್ಮೇಶ ಮುಂದೆ ಬಂದು, “ಆಪರೇಟರ್ ತಪ್ಪು ಸಾರ್, ಆ ಹುಡುಗಿನ ಇವತ್ತೇ ತೆಗೀತೀವಿ” ಎಂದ.

“ಅವಳ್ದಲ್ಲ” ಎಂದಳು ಪ್ರಮೀಳಾ.

ಸಣ್ಣ ದನಿ. ಆದರೆ ಮಿಷನ್ನುಗಳೆಲ್ಲ ನಿಂತಿದ್ದ ಹಾಲಿನಲ್ಲಿ ಅದು ಎಲ್ಲರಿಗೂ ಕೇಳಿಸಿತು.

“ಕೋನ್ ತಂದಿದ್ದು ನಾನು. ಸ್ಟೋರಲ್ಲಿ ಯಾರೂ ಇರ್ನಿಲ್ಲ, ಚೀಟಿ ಇಲ್ದಿದ್ದನ್ನ ನಾನೇ ಎತ್ಕೊಂಡ್ ಬಂದು ಏರ್ಸ್ದೆ. ಬುಕ್ಕಲ್ಲೂ ಬರೀನಿಲ್ಲ. ಪೂಜ ನಾನ್ ಕೊಟ್ಟಿದ್ದನ್ನ ಹೊಲ್ದವ್ಳೆ, ಅಷ್ಟೇಯ. ಬೆಳಿಗ್ಗೆನೇ ಯೋಳ್ಬೇಕಿತ್ತು. ಭಯ ಆಯ್ತು, ಯೋಳ್ನಿಲ್ಲ.”

ರಂಗಸ್ವಾಮಿ ಅವಳನ್ನೇ ನೋಡುತ್ತಾ ನಿಂತರು. ಬೈದಿದ್ದರೆ ವಾಸಿಯಿತ್ತು. ಅಧಿಕಾರಿ ಪೂರ್ತಿ ಭಾಷಾಂತರಿಸಿ ಮುಗಿಸುವವರೆಗೂ ಪ್ರಮೀಳಾ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು.

ಕರ್ನಲ್ ನೇರ ಎಡಗಡೆಯ ರಾಶಿಯಿಂದ ಒಂದು, ಬಲಗಡೆಯಿಂದ ಒಂದು ಹಾರ್ನೆಸ್ಸು ಎತ್ತಿಕೊಂಡು ಎಳೆತ ಪರೀಕ್ಷೆಯ ಯಂತ್ರದತ್ತ ಕೈ ತೋರಿಸಿದರು.

ಹುಚ್ಚಣ್ಣ ಮೊದಲು ಬಲಗಡೆಯದನ್ನು ಕಟ್ಟಿದರು. ಮುಳ್ಳು ನಿಧಾನವಾಗಿ ಏರಿತು. ಬೇಕಾದ ಗೆರೆ ಮುಟ್ಟಿತು, ದಾಟಿತು. ಪಟ್ಟಿ ಕಿರುಗುಟ್ಟಿತೇ ಹೊರತು ಹೊಲಿಗೆ ಅಲುಗಲಿಲ್ಲ. ಅದನ್ನು ಬಿಚ್ಚಿ ಇನ್ನೊಂದನ್ನು ಕಟ್ಟಿದರು. ಮುಳ್ಳು ಅರ್ಧ ಗೆರೆಗೂ ಬಂದಿರಲಿಲ್ಲ. ಬಟ್ಟೆ ಹರಿದಂಥ ಸದ್ದು ಒಂದು, ಅದರ ಹಿಂದೆಯೇ ಪಟಪಟನೆ ಸಾಲಾಗಿ ದಾರ ಕಡಿದು, ಕಾಲುಪಟ್ಟಿ ಎರಡು ತುಂಡಾಗಿ ಬಿಚ್ಚಿಕೊಂಡು ಯಂತ್ರದ ಮೈಗೆ ಬಡಿಯಿತು. ಹಿಂದೆ ನಿಂತಿದ್ದ ಯಾರೋ “ಅಯ್ಯೋ ಶಿವನೆ” ಎಂದರು.

ಕರ್ನಲ್ ಹರಿದ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಪ್ರಮೀಳಾಳ ಹತ್ತಿರ ಬಂದು ನಾಲ್ಕು ಮಾತು ಆಡಿದರು. ಅಧಿಕಾರಿ ತಗ್ಗಿದ ದನಿಯಲ್ಲಿ ಕನ್ನಡಕ್ಕೆ ತಂದರು: “ನನ್ನ ಮಗನೂ ಪ್ಯಾರಾ ದಳದಲ್ಲಿದ್ದಾನೆ ಅಂತಿದ್ದಾರೆ. ಈ ಸರಕು ಇವತ್ತು ತಗೊಳ್ಳೋದಿಲ್ಲವಂತೆ. ಇಪ್ಪತ್ತೊಂದು ದಿನ ಕೊಡ್ತಾರಂತೆ. ಅಷ್ಟೂ ಕಾಲುಪಟ್ಟಿ ಹೊಸದಾಗಿ ಹೊಲಿದಿರಬೇಕು, ಪ್ರತಿ ಕೋನಿಗೂ ನಂಬರ್ ಇರಬೇಕು.”

ಎರಡು ಗಂಟೆಗೆ ಕಾರುಗಳು ಹೊರಟವು. ಅಡಿಗೆಯವರು ಮಾಡಿಟ್ಟಿದ್ದ ಊಟ ಹಾಗೇ ಉಳಿಯಿತು. ಬಾಕಿಯಿದ್ದ ಆರು ಪೆಟ್ಟಿಗೆಯನ್ನೂ ಬಿಡದೆ ನೋಡಿದರು. ಎಡಗಡೆ ಒಟ್ಟು ಹದಿನೇಳಾದವು.

ಸಂಜೆ ರಂಗಸ್ವಾಮಿ ಪ್ರಮೀಳಾಳಿಗೆ ಮೆಮೊ ಕೊಟ್ಟರು. ಸೂಪರ್‌ವೈಸರ್ ಕೆಲಸದಿಂದ ಆರು ತಿಂಗಳು ಇಳಿಸಿ ಒಂಬತ್ತನೇ ಮಿಷನ್ನಿಗೆ ಕೂರಿಸಿದರು. “ಕೊಡ್ದೆ ಇರಕ್ಕಾಗಲ್ಲ ಕಣವ್ವ. ಫೈಲಲ್ಲಿ ತೋರಿಸ್ಬೇಕು. ಆದ್ರೆ ನೀನು ಬೆಳಿಗ್ಗೆ ಬಂದು ಯೋಳಿದ್ದಕ್ಕೇ ಈ ಗೇಟು ಇನ್ನೂ ತೆಗ್ದೈತೆ” ಎಂದರು. ಅವಳು ಸಹಿ ಹಾಕಿದಳು. ಮನೆಯಲ್ಲಿ ನಿಂಗರಾಜು ಮೆಮೊ ಓದಿ, “ಬುಡು, ಕೆಲ್ಸ ಉಳೀತಲ್ಲ” ಎಂದು ಹಾಲು ಕರೆಯಲು ಹೋದ.

ಮುಂದಿನ ಮೂರು ವಾರ ಸುಲಭವಾಗಿರಲಿಲ್ಲ. ಆರುನೂರ ನಲವತ್ತು ಕಾಲುಪಟ್ಟಿ ಬಿಚ್ಚಿ ಹೊಲಿಯುವುದೆಂದರೆ ಭಾನುವಾರವೂ ಇಲ್ಲ. ಕೆಲವು ಹೆಂಗಸರು ಊಟದ ಹೊತ್ತಿನಲ್ಲಿ ಅವಳ ಪಕ್ಕ ಕೂರುವುದನ್ನು ಬಿಟ್ಟರು. ತಿಮ್ಮೇಶ ಅವಳ ಹೆಸರನ್ನೇ ಎತ್ತುತ್ತಿರಲಿಲ್ಲ, “ಒಂಬತ್ತು” ಎನ್ನುತ್ತಿದ್ದ. ಪೂಜ ಮಾತ್ರ ಒಂದು ದಿನ ತಟ್ಟೆ ತಂದು ಎದುರಿಗೆ ಕೂತು, “ನೀವ್ ಕೊಟ್ಟಿದ್ದು ಅಂತ ನಂಗ್ ಗ್ಯಾಪ್ಕ ಇತ್ತು ಕಣಕ್ಕ” ಎಂದಳು. ಪ್ರಮೀಳಾ ತನ್ನ ಡಬ್ಬಿಯ ಪಲ್ಯದಲ್ಲಿ ಅರ್ಧ ಅವಳ ತಟ್ಟೆಗೆ ಬಡಿಸಿದಳು.

ಎರಡನೇ ಸಲದ ತಪಾಸಣೆಯಲ್ಲಿ ಸರಕು ಪಾಸಾಯಿತು. ಮೂವತ್ತೆರಡು ಪೆಟ್ಟಿಗೆಗೂ ಸೀಲ್ ಬಿತ್ತು. ಸಂಕ್ರಾಂತಿ ಕಳೆದ ಮೇಲೆ ಜಂಟಿ ಘಟಕದ ಒಪ್ಪಂದದಂತೆ ಆ ದೇಶದಿಂದ ನಾಲ್ವರು ಟೈಲರುಗಳು ಎರಡು ತಿಂಗಳ ತರಬೇತಿಗೆ ಪಾಂಡವಪುರಕ್ಕೆ ಬಂದರು. ಕರ್ನಲ್ ಕಳಿಸಿದ ಪತ್ರದಲ್ಲಿ ಒಂದು ಸಾಲಿತ್ತು: ಕಾಲುಪಟ್ಟಿಯ ಕೆಲಸವನ್ನು ತಪ್ಪು ದಾರ ಕಂಡುಹಿಡಿದ ಆ ಹೆಂಗಸೇ ಕಲಿಸಬೇಕು. ಭಾಷೆ ಬಾರದ ಪ್ರಮೀಳಾ ಕೈಸನ್ನೆಯಲ್ಲೇ ಕಲಿಸಿದಳು. ಅವರು ಮುದ್ದೆ ನುಂಗುವುದನ್ನು ಕಲಿತರು, ಅವಳು ಅವರ ಭಾಷೆಯ ಒಂದರಿಂದ ಹತ್ತು ಕಲಿತಳು. ತಿಮ್ಮೇಶ ಆಗಲೂ ದೂರವೇ ಉಳಿದ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹುಚ್ಚಣ್ಣ ಫೋನ್ ಹಿಡಿದುಕೊಂಡು ಅವಳ ಮಿಷನ್ನಿನ ಹತ್ತಿರ ಬಂದರು.

“ನೆನ್ನೆ ಆ ದೇಶದೋರು ಜಿಗಿದ್ರಂತೆ ಕಣವ್ವ. ನಮ್ ಹಾರ್ನೆಸ್ಸಲ್ಲೇ ಮೊದಲ್ನೇದು.”

“ಎಷ್ಟ್ ಜನ?”

“ನಲವತ್ತು.”

“ಇಳುದ್ರಾ?”

“ಎಲ್ಲಾ ಇಳುದ್ರಂತೆ.”

ಅವಳು ಮಿಷನ್ನಿನ ಪೆಡಲಿನಿಂದ ಕಾಲು ತೆಗೆದಳು. ಆಮೇಲೆ ಎದ್ದು, ನೀರು ಕುಡಿಯಲು ಹೋದಳು.