ಸೀಸೆ ತೀರ್ಥಪ್ಪ

ಸಿಂಗಟಗೆರೆಯ ತೀರ್ಥಪ್ಪ ಗಟ್ಟಿಮುಟ್ಟಾದ ಆಳು. ಅವನು ಜ್ವರ ಬಂದು ಮಲಗಿದ್ದನ್ನು ಹೆಂಡತಿ ಈರಮ್ಮನೂ ಕಂಡಿರಲಿಲ್ಲ. ಹಾಗಿದ್ದೂ ಕಡೂರಿನ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲನ್ನು ಅವನಷ್ಟು ಸಲ ಹತ್ತಿ ಇಳಿದವರು ಆ ತಾಲ್ಲೂಕಿನಲ್ಲೇ ಇನ್ನೊಬ್ಬರಿರಲಿಲ್ಲ.

ಜರ್ಮನಿಯ ಮೊದಲ ಯುದ್ಧಕ್ಕೆ ಇನ್ನೂ ಎರಡು ಮೂರು ವರ್ಷ ಇದ್ದ ಕಾಲ ಅದು. ತೀರ್ಥಪ್ಪನಿಗೆ ಕೆರೆಯ ಹಿಂದೆ ಮೂವತ್ತು ತೆಂಗಿನ ಮರ, ದಿಣ್ಣೆಯ ಮೇಲೆ ಒಂದಿಷ್ಟು ರಾಗಿ ಹೊಲ. ವಾರಕ್ಕೊಮ್ಮೆ ಗಾಡಿಗೆ ಕಾಯಿ ಹೇರಿಕೊಂಡು ಕಡೂರು ಸಂತೆಗೆ ಹೋಗುವುದು ಅಪ್ಪನ ಕಾಲದಿಂದ ಬಂದ ರೂಢಿ. ಒಂದು ಚಳಿಗಾಲ ಈರಮ್ಮನಿಗೆ ಹತ್ತಿದ ಕೆಮ್ಮು ತಿಂಗಳಾದರೂ ಬಿಡಲಿಲ್ಲ. ಸಂತೆಗೆ ಹೋಗುವ ಗಾಡಿಯಲ್ಲೇ ಅವಳನ್ನೂ ಕೂರಿಸಿಕೊಂಡು ಹೋಗಿ ಆಸ್ಪತ್ರೆಯಲ್ಲಿ ತೋರಿಸಿ, ಒಂದು ಸೀಸೆ ಔಷಧಿ ಹಾಕಿಸಿಕೊಂಡು ಬಂದ. ಕೆಮ್ಮು ನಿಂತಿತು. ಮರುವಾರ ಪಕ್ಕದ ಮನೆಯ ರಂಗಪ್ಪ ಖಾಲಿ ಸೀಸೆಯೊಂದನ್ನು ಹಿಡಿದು ಬಂದ.

"ಹೆಂಗೂ ಹೋಗ್ತೀಯಲ್ಲ ತೀರ್ಥಪ್ಪ, ನನ್ನ ಅಜೀರ್ಣಕ್ಕೂ ಒಂದಿಷ್ಟು ಹಾಕಿಸ್ಕೊಂಡು ಬಾ."

ಅದರ ಸುದ್ದಿ ತಿಳಿದು ಇನ್ನೂ ಆರು ಮನೆಯವರು ಸೀಸೆ ಕೊಟ್ಟರು. ತೀರ್ಥಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಯಾರದು ಯಾವುದೆಂದು ತಿಳಿಯಲು ಪ್ರತಿ ಸೀಸೆಯ ಕತ್ತಿಗೆ ಒಂದೊಂದು ಬಗೆಯ ದಾರ ಕಟ್ಟಿದ. ಕುಕ್ಕೆಯಲ್ಲಿ ಹುಲ್ಲು ಹಾಸಿ ಏಳನ್ನೂ ಜೋಡಿಸಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಟ್ಟ.

ಡಾಕ್ಟರ್ ಅನಂತಪದ್ಮನಾಭಯ್ಯನವರು ಕಡೂರಿಗೆ ಹೊಸಬರು. ನಲವತ್ತರ ಒಳಗಿನ ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಅವರು ಕುಕ್ಕೆಯನ್ನೂ ತೀರ್ಥಪ್ಪನನ್ನೂ ನೋಡಿದರು.

"ರೋಗಿ ಯಾರಯ್ಯ?"

"ಏಳು ಜನ ಅವ್ರೆ ಸ್ವಾಮಿ."

"ಎಲ್ಲಿ?"

"ಊರಲ್ಲಿ."

"ರೋಗಿ ಊರಲ್ಲಿದ್ದರೆ ನಾನು ನಾಲಿಗೆ ನೋಡೋದು ಹೇಗೆ? ತಗೊಂಡು ಹೋಗು."

"ನಾಲಿಗೆ ನಾನು ನೋಡ್ಕೊಂಡು ಬಂದಿದೀನಿ ಸ್ವಾಮಿ" ಎಂದ ತೀರ್ಥಪ್ಪ. "ರಂಗಪ್ಪಂದು ಸುಣ್ಣ ಬಳ್ದಂಗೆ ಬೆಳ್ಳಗದೆ. ಬೆಳಿಗ್ಗೆ ಎದ್ದಾಗ ಬಾಯಿ ಕಹಿ. ಹೊಟ್ಟೆನೋವು ಉಂಡ್ಮೇಲೆ ಬರಲ್ಲ, ಉಣ್ಣೋಕೆ ಮುಂಚೆ ಬತ್ತದೆ. ಇಲ್ಲಿ, ಎದೆಗೂಡಿನ ಕೆಳಗೆ, ಎರಡು ಬೆರಳಗಲ. ಎರಡು ತುತ್ತು ಉಂಡ್ರೆ ನಿಲ್ತದೆ."

ಡಾಕ್ಟರು ಲೇಖನಿ ಕೆಳಗಿಟ್ಟರು. ಆಸ್ಪತ್ರೆಗೆ ಖುದ್ದಾಗಿ ಬಂದ ರೋಗಿಗಳು ಕೂಡ "ಮೈಯೆಲ್ಲ ನೋವು ಸ್ವಾಮಿ" ಅನ್ನುವುದನ್ನು ಬಿಟ್ಟು ಇಷ್ಟು ವಿವರ ಹೇಳಿದ್ದನ್ನು ಅವರು ಕೇಳಿರಲಿಲ್ಲ. ಏಳು ಜನರ ಕಥೆಯನ್ನೂ ಕೇಳಿ, ಐದು ಸೀಸೆಗೆ ಔಷಧಿ ಬರೆದುಕೊಟ್ಟರು. ಉಳಿದ ಇಬ್ಬರನ್ನು ಕರೆದುಕೊಂಡೇ ಬರಬೇಕೆಂದರು. ತೀರ್ಥಪ್ಪ ಮುಂದಿನ ವಾರ ಇಬ್ಬರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಬಂದ. ಅಲ್ಲಿಂದ ಡಾಕ್ಟರಿಗೂ ತೀರ್ಥಪ್ಪನಿಗೂ ನಡುವೆ ಒಂದು ನಂಬಿಕೆ ಬೆಳೆಯಿತು.

ಸಂತೆಯ ಹಿಂದಿನ ದಿನ ಸಂಜೆ ತೀರ್ಥಪ್ಪ ಮನೆಮನೆಗೆ ಹೋಗಿ ಜಗಲಿಯ ಮೇಲೆ ಕೂರುತ್ತಿದ್ದ. ಏನು ಉಂಡೆ, ಹೆಂಗೆ ಮಲಗಿದೆ, ಎಲ್ಲಿ ಮಲಗಿದೆ, ಯಾರ ಹತ್ತಿರ ಜಗಳ ಆಡಿದೆ, ಎಲ್ಲ ಕೇಳುತ್ತಿದ್ದ. ಅವಸರ ಅನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕುರಿ ಕಾಯುವ ಸಣ್ಣಬೀರಪ್ಪ ಬೆಳಗಿನ ಹೊತ್ತು ಉಬ್ಬಸ ಎಂದಾಗ ಅವನ ಗುಡಿಸಲಿಗೇ ಹೋಗಿ ನೋಡಿದ. ಒಲೆಯ ಹೊಗೆಯೆಲ್ಲ ನೇರ ಅವನು ಮಲಗುವ ಮೂಲೆಗೆ ಬರುತ್ತಿತ್ತು. ಡಾಕ್ಟರಿಗೆ ಅದನ್ನೂ ಹೇಳಿದ. "ಔಷಧಿ ಒಂದು ವಾರ ಕೊಡ್ತೀನಿ. ಅಷ್ಟರಲ್ಲಿ ಮಲಗೋ ಮೂಲೆ ಬದಲಾಯಿಸಲಿ" ಎಂದರು ಡಾಕ್ಟರು. ಎರಡನೆಯ ಸೀಸೆ ಬೇಕಾಗಲಿಲ್ಲ. ಊರಿನವರು ಅವನನ್ನು ಸೀಸೆ ತೀರ್ಥಪ್ಪ ಎಂದು ಕರೆಯತೊಡಗಿದರು. ಹಾಗೆ ಕರೆದರೂ ಅವನು ಓಗೊಡುತ್ತಿದ್ದ.

ಇದನ್ನೆಲ್ಲ ಮೆಚ್ಚದಿದ್ದವಳು ಕರಿಯಮ್ಮ ಒಬ್ಬಳೇ. ಎಪ್ಪತ್ತರ ಹತ್ತಿರದ ಮುದುಕಿ. ಐವತ್ತು ವರ್ಷದಿಂದ ಊರಿಗೆ ಬೇರು, ನಾರು, ಕಷಾಯ ಕೊಟ್ಟು, ಉಳುಕು ತೆಗೆದು, ಹೆರಿಗೆ ಮಾಡಿಸಿದ ಕೈ ಅವಳದು. ತೀರ್ಥಪ್ಪನನ್ನು ಭೂಮಿಗೆ ಇಳಿಸಿದ್ದೂ ಅದೇ ಕೈ.

"ಬಣ್ಣದ ನೀರು ಹೊತ್ಕೊಂಡು ತಿರುಗ್ತಿದೀಯಂತೆ" ಎಂದಳು ಒಂದು ದಿನ.

"ಕೆಲವಕ್ಕೆ ಆಗ್ತದೆ ಅಜ್ಜಿ, ಕೆಲವಕ್ಕೆ ಇಲ್ಲ."

"ನನ್ನ ಕಷಾಯ?"

"ಅದೂ ಹಂಗೇ."

ಕರಿಯಮ್ಮನಿಗೆ ಸಿಟ್ಟು ಬಂತು. ತೀರ್ಥಪ್ಪ ವಾದಕ್ಕಿಳಿಯದೆ ಅವಳ ಹಿತ್ತಿಲ ಒನಕೆ ಹಿಡಿದು ನಿಂತು, ಒಣಗಿದ ನೆಲಬೇವನ್ನು ಕುಟ್ಟಿಕೊಟ್ಟು ಹೋದ.

ಹೀಗಿರುವಾಗ ಪಟೇಲ ಹನುಮಂತಪ್ಪನ ಹೊಟ್ಟೆಯ ವಿಚಾರ ಬಂತು. ಉಂಡ ಮೇಲೆ ಹೊಟ್ಟೆ ನಗಾರಿಯಂತೆ ಉಬ್ಬುತ್ತದೆ, ಹುಳಿತೇಗು, ಎದೆಯುರಿ. ಕೆಂಪು ದಾರ ಕಟ್ಟಿದ ದೊಡ್ಡ ಸೀಸೆಯನ್ನೇ ಕೊಟ್ಟು ಕಳಿಸಿದ್ದ. ತೀರ್ಥಪ್ಪ ಡಾಕ್ಟರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ರಾತ್ರಿ ನಾಲ್ಕು ಮುದ್ದೆ, ಅದರ ಮೇಲೆ ಅನ್ನ ತುಪ್ಪ, ಕೈ ತೊಳೆದ ಕೂಡಲೇ ಚಾಪೆ. ಬೀದಿಯ ಆ ತುದಿಗೆ ಹೋಗಬೇಕಾದರೂ ಕಮಾನುಗಾಡಿ.

"ಇವರಿಗೆ ಔಷಧಿ ಬೇಡ" ಎಂದರು ಡಾಕ್ಟರು. "ರಾತ್ರಿ ಊಟ ಅರ್ಧ ಮಾಡಲಿ. ಎರಡು ಹೊತ್ತು ಕೆರೆ ಏರಿ ಮೇಲೆ ನಡೆಯಲಿ."

ತೀರ್ಥಪ್ಪ ಖಾಲಿ ಸೀಸೆಯನ್ನು ಗಾಡಿಯಲ್ಲಿಟ್ಟುಕೊಂಡು ಊರ ದಾರಿಯುದ್ದಕ್ಕೂ ಯೋಚಿಸಿದ. ಬರೀ ಮಾತು ತಲುಪಿಸಿದರೆ ಪಟೇಲ ನಡೆಯುವ ಪೈಕಿ ಅಲ್ಲ. ಖಾಲಿ ಸೀಸೆ ಕೊಟ್ಟರಂತೂ ತನ್ನನ್ನು ಹೀನಾಯ ಮಾಡಿದರೆಂದು ಕೂಗಾಡಿಯಾನು. ಕೊನೆಗೆ ಗಾಡಿಯನ್ನು ಕರಿಯಮ್ಮನ ಮನೆ ಮುಂದೆ ನಿಲ್ಲಿಸಿದ.

"ಏನು ಕಾಯಿಲೆ?" ಎಂದು ಕೇಳಿದಳು ಅವಳು.

"ತಿಂದಿದ್ದು ಜಾಸ್ತಿ."

ಅವಳು ನಕ್ಕು, ಜೀರಿಗೆ, ಓಮ, ಶುಂಠಿ ಹಾಕಿ ಕಷಾಯ ಕಾಸಿ ಸೀಸೆ ತುಂಬಿಸಿದಳು. ತೀರ್ಥಪ್ಪ ಅದನ್ನು ಪಟೇಲನ ಕೈಗೆ ಕೊಟ್ಟ.

"ಗೌಡ್ರೆ, ಇದು ಬರೀ ಕುಡಿದ್ರೆ ಇಳಿಯಲ್ಲ. ಎರಡು ಹೊತ್ತೂ ಕುಡಿದು ಕೆರೆ ತೂಬಿನ ತನಕ ನಡೆದು ಬರ್ಬೇಕು. ರಾತ್ರಿ ಎರಡು ಮುದ್ದೆ ಮೇಲೆ ಉಂಡ್ರೆ ಔಷಧಿಗೆ ಜಾಗ ಇರಲ್ಲ. ಡಾಕ್ಟ್ರು ಕಟ್ಟುನಿಟ್ಟಾಗಿ ಹೇಳವ್ರೆ."

ಪಟೇಲ ಗೊಣಗಿಕೊಂಡೇ ನಡೆದ. ತಿಂಗಳೊಳಗೆ ಉಬ್ಬರ ಇಳಿಯಿತು, ಹುಳಿತೇಗು ನಿಂತಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹನುಮಂತಪ್ಪ ಉಪಕಾರ ಮರೆಯುವವನಲ್ಲ. ಒಂದು ಸಂತೆಯ ದಿನ ಕಮಾನುಗಾಡಿ ಕಟ್ಟಿಸಿ, ಎರಡು ಗೊನೆ ಎಳನೀರು ಹಾಕಿಸಿ, ತೀರ್ಥಪ್ಪನನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ.

"ನಿಮ್ಮ ಔಷಧಿಯಿಂದ ಬದುಕಿದೆ ಸ್ವಾಮಿ" ಎಂದು ಪಟೇಲ ಸೀಸೆಯಲ್ಲಿ ಉಳಿದಿದ್ದ ನಾಲ್ಕು ಗುಟುಕನ್ನು ತೋರಿಸಿದ. ಡಾಕ್ಟರು ಮುಚ್ಚಳ ತೆಗೆದು ಮೂಸಿದರು. ಕಾಂಪೌಂಡರ್ ಶಾಮಣ್ಣನನ್ನು ಕರೆದು ಅವನಿಗೂ ಮೂಸಿಸಿದರು. "ಇದು ನಮ್ಮದಲ್ಲ, ಜೀರಿಗೆ ಕಷಾಯ" ಎಂದು ಶಾಮಣ್ಣ ಬಾಯಿ ಬಿಡುವಷ್ಟರಲ್ಲಿ ಡಾಕ್ಟರು ಪಟೇಲನನ್ನು ಹೊರಗೆ ಬೆಂಚಿನ ಮೇಲೆ ಕೂರಲು ಹೇಳಿ, ತೀರ್ಥಪ್ಪನನ್ನು ಒಳಗೆ ನಿಲ್ಲಿಸಿಕೊಂಡರು. ಅವನು ನಡೆದದ್ದೆಲ್ಲ ಹೇಳಿದ.

"ಕೆಲಸ ಆಯಿತು, ಸಂತೋಷ" ಎಂದರು ಡಾಕ್ಟರು. ಮುಖದಲ್ಲಿ ಸಂತೋಷ ಇರಲಿಲ್ಲ. "ನಾಳೆ ಇನ್ನೊಬ್ಬನ ಹೊಟ್ಟೇಲಿ ಹುಣ್ಣಿರುತ್ತೆ. ನಾನು ಕೊಟ್ಟಿದ್ದು ಅಂತ ನಂಬಿ ಕಷಾಯ ಕುಡೀತಾ ಕೂತರೆ ಆ ಮನುಷ್ಯ ಹೋಗಿಬಿಡ್ತಾನೆ. ನೀನು ಹೇಳೋದನ್ನು ನಂಬಿ ನಾನು ಔಷಧಿ ಬರೀತೀನಿ. ನಾನು ಹೇಳಿದ್ದನ್ನೂ ನೀನು ಹಾಗೇ ತಲುಪಿಸಬೇಕು, ತಿಳೀತಾ?"

ತೀರ್ಥಪ್ಪ ತಲೆ ತಗ್ಗಿಸಿದ. ತನ್ನ ಜಾಣತನದ ಮೇಲೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಈಗ ನಾಚಿಕೆಯಾಯಿತು. ಹಿಂದಿರುಗುವಾಗ ಗಾಡಿಯಲ್ಲಿ ಪಟೇಲನಿಗೂ ನಿಜ ಹೇಳಿಬಿಟ್ಟ.

"ಹಂಗಾದ್ರೆ ಕಷಾಯ ಕರಿಯಮ್ಮಂದು" ಎಂದ ಹನುಮಂತಪ್ಪ.

"ಹೂಂ ಗೌಡ್ರೆ."

"ನಡೆಯೋದು ಡಾಕ್ಟ್ರದು."

"ಹೂಂ."

"ನಿಂದೇನೋ ಮತ್ತೆ?"

"ಸೀಸೆ ಹೊತ್ತಿದ್ದು ನಾನು ಗೌಡ್ರೆ."

ಪಟೇಲನ ಹೊಟ್ಟೆ ಕುಲುಕತೊಡಗಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡ. ಆದರೂ ಮೂರನೆಯ ಮುದ್ದೆಗೆ ಅವನು ಮತ್ತೆ ಕೈ ಹಾಕಲಿಲ್ಲ.

ಆ ವರ್ಷ ಮಳೆಗಾಲ ಕಳೆದ ಮೇಲೆ ಕರಿಯಮ್ಮ ಮೊಮ್ಮಗಳ ಹೆರಿಗೆಗೆಂದು ತರೀಕೆರೆಗೆ ಹೋಗಿ ತಿಂಗಳಿದ್ದು ಬಂದಳು. ಬಂದ ವಾರಕ್ಕೆ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ, ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಗಡಗಡ ನಡುಕ, ಆಮೇಲೆ ಸುಡುವ ಜ್ವರ, ಆಮೇಲೆ ಬೆವರು. ತನ್ನ ನೆಲಬೇವನ್ನೇ ಹದಿನೈದು ದಿನ ಕುಡಿದಳು. ಜ್ವರ ಜಗ್ಗಲಿಲ್ಲ. ಗಾಡಿಯಲ್ಲಿ ಕಡೂರಿಗೆ ಹೋಗೋಣವೆಂದರೆ ಒಪ್ಪಲಿಲ್ಲ. ತೀರ್ಥಪ್ಪ ಸಂತೆಯ ದಿನಕ್ಕೂ ಕಾಯದೆ ಹೊರಟ. ನಡುಕ ಎಷ್ಟು ಹೊತ್ತು, ಬೆವರು ಯಾವಾಗ, ಎಡಪಕ್ಕೆಯ ಕೆಳಗೆ ಎಷ್ಟು ಗಟ್ಟಿ, ಒಂದನ್ನೂ ಬಿಡದೆ ಡಾಕ್ಟರಿಗೆ ಒಪ್ಪಿಸಿದ. ಅವರು ಕ್ವಿನೈನಿನ ಪೊಟ್ಟಣ ಕೊಟ್ಟು, ಕೊಡುವ ಕ್ರಮವನ್ನು ಮೂರು ಸಲ ಅವನ ಬಾಯಲ್ಲಿ ಹೇಳಿಸಿದರು.

ಕರಿಯಮ್ಮ ಕಂಬಳಿಯೊಳಗಿಂದ ಬಿಳಿಯ ಪುಡಿಯನ್ನು ನೋಡಿದಳು. "ಏನಿದು?"

"ಒಂದು ಮರದ ತೊಗಟೆಯಂತೆ ಅಜ್ಜಿ. ಅದರ ಸತ್ವ ತೆಗೆದು ಪುಡಿ ಮಾಡವ್ರೆ."

"ತೊಗಟೆ ಅಂದ್ಮೇಲೆ ಬೆಳ್ಳಗೆ ಯಾಕದೆ?"

"ಅದು ನಾನು ಕೇಳಲಿಲ್ಲ. ಕಿವೀಲಿ ಗುಂಯ್ ಅಂತದೆ, ಹೆದರಬೇಡ ಅಂತ ಹೇಳು ಅಂದ್ರು. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ, ಅವರು ಕೊಟ್ಟಿದ್ದನ್ನೇ ತಂದಿದೀನಿ."

ಅವಳು ಬೆರಳ ತುದಿಗೆ ತಾಗಿಸಿ ನಾಲಿಗೆಗೆ ಇಟ್ಟುಕೊಂಡಳು. ಮುಖ ಕಿವುಚಿದಳು. ತುಸು ಹೊತ್ತು ಕಣ್ಣು ಮುಚ್ಚಿ ಆ ಕಹಿಯನ್ನು ಬಾಯಲ್ಲೇ ತಿರುಗಿಸಿದಳು.

"ನೆಲಬೇವಿನ ಅಪ್ಪನಂಗದೆ. ಕೊಡು, ಕುಡೀತೀನಿ."

ಮೂರನೆಯ ದಿನ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಯಿತು. "ಹೇಳಿದ್ದು ಹೇಳ್ದಂಗೇ ಆಗ್ತಿದೆ, ಮನುಷ್ಯನಿಗೆ ಕಸುಬು ಗೊತ್ತದೆ" ಎಂದಳು. ವಾರದೊಳಗೆ ಚಳಿ ಬಿಟ್ಟಿತು. ಎದ್ದು ಓಡಾಡುವ ಹಾಗಾದದ್ದೇ ತಡ, ಡಾಕ್ಟರನ್ನು ನೋಡಲೇಬೇಕೆಂದು ಹಟ ಹಿಡಿದಳು. ತೀರ್ಥಪ್ಪ ಕಾಯಿಗಳ ನಡುವೆ ಅವಳಿಗೊಂದು ಜಾಗ ಮಾಡಿ ಕೂರಿಸಿಕೊಂಡು ಹೋದ.

ಆಸ್ಪತ್ರೆಯಲ್ಲಿ ಅವಳು ಕಪಾಟಿನ ಒಂದೊಂದು ಸೀಸೆಯನ್ನೂ ತೋರಿಸಿ, ಇದು ಎಲೆಯದಾ, ಬೇರಿನದಾ, ಕಲ್ಲಿನದಾ ಎಂದು ಕೇಳಿದಳು. ಶಾಮಣ್ಣನಿಗೆ ಕಿರಿಕಿರಿ. ಡಾಕ್ಟರು ಮಾತ್ರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಉತ್ತರ ಕೊಟ್ಟರು. ಅವಳ ನೆಲಬೇವು, ಬಜೆ, ಆಡುಸೋಗೆಗಳ ಅಳತೆಯನ್ನು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಬರೆಯುತ್ತಿದ್ದವರ ಮುಖವನ್ನು ಕರಿಯಮ್ಮ ದಿಟ್ಟಿಸಿ ನೋಡಿದಳು.

"ಸ್ವಾಮಿ, ನಿಮಗೆ ನಿದ್ದೆ ಇಲ್ಲ. ಕಣ್ಣ ಕೆಳಗೆ ಕಪ್ಪಾಗದೆ. ಕೈ ಬೇರೆ ನಡುಗ್ತದೆ. ದಿನಕ್ಕೆ ಎಷ್ಟು ಸಲ ಕಾಪಿ?"

ಡಾಕ್ಟರು ಶಾಮಣ್ಣನ ಕಡೆ ನೋಡಿದರು. ಅವನು ಗೋಡೆಯ ಕಡೆ ನೋಡಿದ.

"ಐದಾರು ಸಲ ಆಗುತ್ತೆ."

"ಮಧ್ಯಾಹ್ನದ ಮೇಲೆ ಬೇಡ. ರಾತ್ರಿ ಅಂಗಾಲಿಗೆ ಎಣ್ಣೆ ತಿಕ್ಕಿಸ್ಕೊಳಿ."

"ಎಣ್ಣೆ ಆಗಲಮ್ಮ. ಕಾಫಿ ಬಿಡೋದೊಂದು ಬೇಡ, ಬೇರೆ ಏನಾದರೂ ಔಷಧಿ ಇದ್ದರೆ ಕೊಡು."

ತೀರ್ಥಪ್ಪ ಬಾಯಿಗೆ ವಲ್ಲಿ ಒತ್ತಿಕೊಂಡು ಹೊರಗೆ ನಡೆದ. ಗಾಡಿಯ ಮೂಕಿಗೆ ಒರಗಿ ಮನಸಾರೆ ನಕ್ಕ.

ಮುಂದಿನ ಸಂತೆಗೆ ಹನ್ನೊಂದು ಸೀಸೆ ಇದ್ದವು. ಕುಕ್ಕೆ ಕೆಳಗಿಟ್ಟು ಮೊದಲನೆಯವರ ಕಥೆ ಶುರುಮಾಡಬೇಕೆನ್ನುವಷ್ಟರಲ್ಲಿ ಡಾಕ್ಟರು ಕೈ ಎತ್ತಿ ನಿಲ್ಲಿಸಿದರು.

"ಮೊದಲು ನಂದು ಕೇಳು. ಎಣ್ಣೆ ಹಚ್ಚಿಸ್ಕೊಂಡೆ. ಮಧ್ಯಾಹ್ನದ ಕಾಫಿ ನಿಲ್ಲಿಸಿದೆ. ನಾಲ್ಕು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಸಂಜೆಯದು ಮಾತ್ರ ಇನ್ನೂ ಬಿಟ್ಟಿಲ್ಲ. ಅದನ್ನೂ ಕರಿಯಮ್ಮನಿಗೆ ಹಾಗೇ ಹೇಳು, ಮುಚ್ಚಿಡಬೇಡ."

"ನಾಲಿಗೆ ತೋರ್ಸಿ ಸ್ವಾಮಿ" ಎಂದ ತೀರ್ಥಪ್ಪ. "ಅಜ್ಜಿ ಕೇಳ್ತಾಳೆ."

ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿ, ನಾಲಿಗೆ ಚಾಚಿದರು.