ಒಣ ನೆಲದ ಗಾಳಿ

ಕ್ಯಾಪ್ಟನ್ ಸಾಹೇಬರ ಎಡಗಣ್ಣಿನ ಸುತ್ತ ಇದ್ದಷ್ಟು ಸುಕ್ಕು ಬಲಗಣ್ಣಿನ ಸುತ್ತ ಇರಲಿಲ್ಲ. ಎಡಗಣ್ಣು ಮುಚ್ಚಿ, ಹಣೆಗೆ ಕೈ ಅಡ್ಡ ಹಿಡಿದು, ಬಿಸಿಲಲ್ಲಿ ತೇಲುವ ಹದ್ದುಗಳನ್ನು ನೋಡೀ ನೋಡಿ ಹಾಗಾಗಿತ್ತು. ಹೊಸಪೇಟೆಯ ಮಡಿವಂತ ವೈಷ್ಣವರ ಮನೆಯ ಮಗ. ಅಣ್ಣತಮ್ಮಂದಿರು ಕಚೇರಿ, ಬ್ಯಾಂಕು ಅಂತ ಸೇರಿಕೊಂಡರೆ ಇವರು ಭತ್ತದ ಗದ್ದೆಗೆ ಔಷಧ ಹೊಡೆಯುವ ಒಂಟಿ ಸೀಟಿನ ವಿಮಾನ ಹತ್ತಿದ್ದರು. ನಾನು ಅದರ ಮೆಕ್ಯಾನಿಕ್. ಎಂಟು ವರ್ಷ ಅವರ ಜೊತೆ ಕೆಲಸ ಮಾಡಿದೆ.

ಕಾಲುವೆ ಬಂದ ಮೇಲೆ ಕಂಪ್ಲಿ ಕಡೆ ಎರಡು ಬೆಳೆ ಭತ್ತ, ಭತ್ತದ ಹಿಂದೆಯೇ ಹುಳು. ನಮ್ಮ ಮಣ್ಣಿನ ರನ್‌ವೇ ಇದ್ದದ್ದು ಸಂಡೂರು ಗುಡ್ಡಗಳ ಈಚೆ. ಟ್ಯಾಂಕಿನ ತುಂಬ ಪೆಟ್ರೋಲ್ ಹಾಕಿಕೊಂಡು ಹೋದರೆ ಭಾರ ಹೆಚ್ಚಾಗಿ ಔಷಧ ಕಡಿಮೆ ಒಯ್ಯಬೇಕು. ಸಾಹೇಬರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಬಿಸಿಲಿಗೆ ಕಾದ ಹಂಪಿಯ ಬಂಡೆಗಳ ಮೇಲೆ, ಒಣ ಹೊಲಗಳ ಮೇಲೆ ಗಾಳಿ ಮೇಲಕ್ಕೇಳುತ್ತದೆ. ಹದ್ದು ರೆಕ್ಕೆ ಬಡಿಯದೆ ಏರುವುದು ಅಲ್ಲೇ. ವಾಪಸು ಬರುವಾಗ ಇವರೂ ಎಂಜಿನ್ ತಗ್ಗಿಸಿ, ಅಲ್ಲಿ ಎರಡು ಸುತ್ತು ಹಾಕಿ ಮೇಲೇರಿ, ಹಾಗೇ ಜಾರಿಕೊಂಡು ಬಂದುಬಿಡುತ್ತಿದ್ದರು. ಹಾಗಾಗಿ ನಾನು ತುಂಬುತ್ತಿದ್ದದ್ದು ಅರ್ಧ ಟ್ಯಾಂಕು ಮಾತ್ರ.

ನನಗೆ ಮೊದಮೊದಲು ಜೀವ ಬಾಯಿಗೆ ಬರುತ್ತಿತ್ತು. "ನೀ ನಿನ್ನ ಎಂಜಿನ್ ನೋಡ್ಕೋಲೇ. ಗಾಳಿ ನಾ ನೋಡ್ಕೋತೀನಿ" ಅನ್ನುತ್ತಿದ್ದರು.

ಹೊರಡುವ ಮುಂಚೆ ರನ್‌ವೇ ತುದಿಗೆ ನಡೆದು, ಅಲ್ಲಿದ್ದ ಹೊಲದ ಮಣ್ಣಿಗೆ ಅಂಗೈ ಒತ್ತಿ ನೋಡುವುದು ಅವರ ಪದ್ಧತಿ. ನೆಲ ಕಾಯದಿದ್ದರೆ ಹೊರಡುತ್ತಿರಲಿಲ್ಲ. ರೈತರು ಕೂಗಾಡಿದರೂ ಅಷ್ಟೇ, ಮ್ಯಾನೇಜರು ಕೂಗಾಡಿದರೂ ಅಷ್ಟೇ. ಆ ಹೊಲ ನಮ್ಮದು.

ಒಮ್ಮೆ ಬರುವಾಗ ಎಂಜಿನ್ ಆಕಾಶದಲ್ಲೇ ನಿಂತುಹೋಯಿತು. ಪೆಟ್ರೋಲ್ ಪೈಪಿನಲ್ಲಿ ಕಸ ಸಿಕ್ಕಿತ್ತು, ತಪ್ಪು ನನ್ನದೇ. ರನ್‌ವೇಗೆ ಎಟುಕದೆ ನಮ್ಮ ಹೊಲದಲ್ಲಿ ಇಳಿಸಿದರು. ವಿಮಾನ ಕುಲುಕಾಡುತ್ತ ಓಡಿ ನಿಂತಿತು. ನಾನು ಓಡಿ ಬಂದೆ. ನಮ್ಮಪ್ಪ ಅಲ್ಲೇ ಬುತ್ತಿ ಬಿಚ್ಚಿ ಕೂತಿದ್ದ.

"ಬರ್ರಿ ಸಾಹೇಬ್ರ, ಉಣ್ಣೋ ಹೊತ್ತಿಗಿ ಬಂದೀರಿ. ಕುಂದ್ರಿ" ಅಂದ.

ಸಾಹೇಬರು ಕೂತು ಜೋಳದ ರೊಟ್ಟಿಗೆ ಹಸಿ ಉಳ್ಳಾಗಡ್ಡಿ ಕಡಿದುಕೊಂಡು ತಿಂದರು. "ನಮ್ಮವ್ವಗ ಮಾತ್ರ ಹೇಳಬ್ಯಾಡ್ರಿ" ಅಂದರು. ನನ್ನನ್ನು ಬೈಯಲಿಲ್ಲ. "ನಾಳಿಂದ ಪೈಪ್ ಎರಡ್ ಸಲ ನೋಡು" ಅಂದರು ಅಷ್ಟೇ. ಎದ್ದು ಕೈ ತೊಳೆಯುವಾಗ ಅಪ್ಪನಿಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಈ ಹೊಲ ಐತಿ ಅಂತನ ನಾ ಅರ್ಧ ಟ್ಯಾಂಕಿನಾಗ ಹೋಗೋದ್ರಿ."

ಮುಂದೆ ಎರಡು ವರ್ಷಕ್ಕೆ ಹೊಸ ಉಪಕಾಲುವೆ ನಮ್ಮ ಕಡೆಗೂ ಬಂತು. ಒಂದು ಬೆಳಗ್ಗೆ ಅಪ್ಪ ಅಂದ, "ಇವತ್ತ ನಮ್ಮ ಹೊಲಗಳಿಗಿ ನೀರು ಬಿಡ್ತಾರಂತಪಾ. ಹನ್ನೊಂದಕ್ಕ ತೂಬು ಎತ್ತತಾರ."

ಅರ್ಜಿ ಹಿಡಿದು ಅಲೆದು ಅಪ್ಪನ ಚಪ್ಪಲಿ ಸವೆದಿತ್ತು. ನಾನು ಪೇಢೆ ಕೊಂಡು ಸಾಮಾನಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ಸಾಹೇಬರು ಇಳಿದ ಕೂಡಲೇ ಬಾಯಿಗೆ ಪೇಢೆ ಇಟ್ಟು ಸುದ್ದಿ ಹೇಳಬೇಕು, ಅವರು ಬೆರಗಾಗಬೇಕು. ನನ್ನ ಬುದ್ಧಿಗೆ ಅವತ್ತು ಹೊಳೆದದ್ದು ಅಷ್ಟು.

ಅವರು ಎಂದಿನಂತೆ ನಮ್ಮ ಹೊಲಕ್ಕೆ ಅಂಗೈ ಒತ್ತಿದರು. "ಮಸ್ತ್ ಕಾದೈತಿ. ಅರ್ಧ ಸಾಕು." ನಾನು ಅರ್ಧ ತುಂಬಿದೆ, ಒಳಗೊಳಗೇ ನಗುತ್ತ.

ಅವರು ಹೋದ ಮೇಲೆ ನೀರು ಬಂತು. ರನ್‌ವೇ ಅಂಚಿನ ಹೊಲಗಳಿಗೆಲ್ಲ ಹರಿಯಿತು. ಉತ್ತು ಬಿಟ್ಟಿದ್ದ ಮಣ್ಣು ಕುಡಿದೂ ಕುಡಿದೂ ಕೆಸರಾಯಿತು. ನಾನು ಪ್ಯಾಂಟು ಮಡಚಿ ಅದರಲ್ಲಿ ನಿಂತು ಅಪ್ಪನ ಜೊತೆ ಕುಣಿಯುವುದೊಂದು ಬಾಕಿ. ವಿಮಾನದ ಸದ್ದು ಕೇಳಿ ತಲೆಯೆತ್ತಿದಾಗ ಕಾಲ ಕೆಳಗಿನ ನೀರು ತಣ್ಣಗಿದೆ ಅನ್ನುವುದು ನನಗೆ ಥಟ್ಟನೆ ತಿಳಿಯಿತು. ಮೇಲೆ ಒಂದೂ ಹದ್ದು ಇರಲಿಲ್ಲ.

ಕೊನೆಯ ಮೈಲಿ ಅವರು ನಮ್ಮ ಹೊಲಗಳ ಬಿಸಿಯನ್ನೇ ನಂಬಿ ಬರುವವರು. ಏರಬೇಕಾದಲ್ಲಿ ವಿಮಾನ ಇಳಿಯತೊಡಗಿತು. ಎಂಜಿನ್ ಜೋರು ಮಾಡಿದರು. ಅದು ಎರಡು ಸಲ ಕೆಮ್ಮಿ ನಿಂತಿತು, ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿದಿರಲಿಲ್ಲ. ಟವೆಲ್ ಬೀಸುತ್ತ ಓಡಿದೆ. ಅವರಿಗೆ ಎಲ್ಲಿಗೆ ಹೋಗಿ ಅಂತ ಬೀಸಿದೆನೋ ನನಗೇ ಗೊತ್ತಿಲ್ಲ. ಗಾಲಿ ಕೆಸರಿಗೆ ತಾಗಿದ್ದೇ ವಿಮಾನ ಮಗುಚಿ ಬಿತ್ತು.

ಅಲ್ಲಿ ನಾಲ್ಕು ಬೆರಳಷ್ಟು ನೀರಿತ್ತು. ಬೆಲ್ಟಿನಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡವರ ಮುಖ ಆ ಕೆಸರಿನಲ್ಲಿ ಹೂತಿತ್ತು. ಏಳೆಂಟು ಜನ ಸೇರಿ ವಿಮಾನ ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪ ತನ್ನ ಪಂಚೆಯ ಅಂಚಿನಿಂದ ಅವರ ಮುಖ ಒರೆಸಿದ.

ಆ ಹೊಲ ಈಗಲೂ ಎರಡು ಬೆಳೆ ಕೊಡುತ್ತದೆ. ಅದರ ಅನ್ನವನ್ನೇ ಉಣ್ಣುತ್ತೇನೆ.

ಹದಿಮೂರನೆಯ ದಿನ ಅವರ ಮನೆಗೆ ಹೋದಾಗ ತಾಯಿ ಪಡಸಾಲೆಯಲ್ಲಿ ಕೂತಿದ್ದರು. "ಇಷ್ಟ್ ವರ್ಷ ಕಾಯ್ದ ಗಾಳಿ ಅವತ್ತ ಮೋಸ ಮಾಡ್ತೇನಪಾ?" ಅಂತ ಕೇಳಿದರು. ನನ್ನ ಬಾಯಿಂದ "ಹೌದ್ರಿ ಅಮ್ಮ, ಗಾಳಿ ಮೋಸ ಮಾಡ್ತು" ಅಂತಲೇ ಬಂತು. ಆ ತಾಯಿ ಅದನ್ನೇ ನಂಬಿಕೊಂಡು ತೀರಿಕೊಂಡರು.