ಬೆಟ್ಟಕ್ಕೆಂದು ಹೊಲಿಸಿದ ಉಣ್ಣೆ ಪ್ಯಾಂಟು

ನನಗೆ ಹಾವಿನ ಹೆದರಿಕೆ ಅಷ್ಟಿಲ್ಲ. ಹಾವು ಕಣ್ಣಿಗೆ ಕಾಣುತ್ತದೆ, ಕಂಡರೆ ಓಡಬಹುದು. ನಾನು ಹೆದರುವುದು ಉಣುಗಿಗೆ. ಎಳ್ಳಿನ ಕಾಳಿಗಿಂತ ಸಣ್ಣ ಹುಳ ಅದು. ಕಾಲಿಗೆ ಹತ್ತಿದ್ದು ತಿಳಿಯುವುದಿಲ್ಲ, ಕಚ್ಚಿದ್ದೂ ತಿಳಿಯುವುದಿಲ್ಲ. ಆಮೇಲೆ ಜ್ವರ ಬಂದಾಗ ಮಾತ್ರ ತಿಳಿಯುತ್ತದೆ. ನಮ್ಮ ಸಿದ್ದಾಪುರದ ಕಡೆ ಚಳಿ ಇಳಿಯುವ ಹೊತ್ತಿಗೆ ಮಂಗನ ಕಾಯಿಲೆಯ ಮಾತು ಶುರುವಾಗುತ್ತದೆ. ಎಲ್ಲೋ ಒಂದು ಮಂಗ ಸತ್ತು ಬಿದ್ದಿತ್ತಂತೆ ಎಂಬ ಸುದ್ದಿ ಮೊದಲು ಬರುತ್ತದೆ. ಹಿಂದೆಯೇ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಆರೋಗ್ಯ ಇಲಾಖೆಯವರು ಬರುತ್ತಾರೆ. ಕಾಡಿಗೆ ಹೋಗಬೇಡಿ, ಹೋದರೆ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಟ್ಟೆ ಬಿಸಿನೀರಿನಲ್ಲಿ ತೊಳೆಯಿರಿ. ಮೊದಲಾದರೆ ಚುಚ್ಚುಮದ್ದಾದರೂ ಇತ್ತು, ಈಗ ಅದೂ ನಿಂತಿದೆ.

ಕಾಡಿಗೆ ಹೋಗಬೇಡಿ ಎಂದು ಮೈಕಿನಲ್ಲಿ ಹೇಳುವುದು ಸುಲಭ. ನಮಗೆ ಬೆಟ್ಟ ಅಂದರೆ ಹತ್ತಿ ಇಳಿಯುವ ಗುಡ್ಡವಲ್ಲ, ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು ತರಲೆಂದು ಹಿಂದಿನಿಂದ ಬಿಟ್ಟುಕೊಟ್ಟ ಕಾಡು. ಮರದಿಂದ ಉದುರಿದ ಒಣ ಎಲೆಗೆ ದರಕು ಅನ್ನುತ್ತೇವೆ. ಅದು ಉದುರುವುದೂ ಉಣುಗು ಏಳುವುದೂ ಒಂದೇ ಕಾಲದಲ್ಲಿ. ಆ ವರ್ಷ ಪಕ್ಕದ ಊರಿನಲ್ಲಿ ಒಬ್ಬರು ಈ ಜ್ವರದಲ್ಲಿ ಹೋಗಿಬಿಟ್ಟರು. ಮರುದಿನದಿಂದ ದರಕು ಗುಡಿಸಲು ಒಬ್ಬ ಆಳೂ ಬರಲಿಲ್ಲ. ಅವರ ಜೀವವೂ ಜೀವವೇ, ಕರೆಯಲು ನನಗೂ ಬಾಯಿ ಬರಲಿಲ್ಲ. ನನ್ನ ಗಂಡ ಸಿದ್ದಾಪುರದ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದಾರೆ, ಮೇಲಾಗಿ ಬೆನ್ನುನೋವಿನವರು, ಬಗ್ಗಿದರೆ ಎದ್ದೇಳಲು ಇನ್ನೊಬ್ಬರು ಬೇಕು. ಮನೆಯಲ್ಲಿ ಉಳಿದವರು ಅತ್ತೆ ಮತ್ತು ನಾನು. ಅತ್ತೆಗೆ ಮಂಡಿನೋವು, ಅಂಗಳ ದಾಟದೆ ವರ್ಷಗಳೇ ಆಗಿದ್ದವು. ಅಲ್ಲಿಗೆ ಬೆಟ್ಟ ನನ್ನ ಪಾಲಿಗೆ ಬಂತು.

ಮೊದಲ ದಿನ ಹಳೆಯ ಸೀರೆ ಎತ್ತಿ ಕಟ್ಟಿಕೊಂಡು ಹೋದೆ. ಬಂದು ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ ಕೈಗೆ ಏನೋ ತಾಗಿತು. ಉಗುರಿನಲ್ಲಿ ಎತ್ತಿ ನೋಡಿದರೆ ಉಣುಗು, ಕಾಲು ಆಡಿಸುತ್ತಿತ್ತು. ಬಿಸಿನೀರು ಮೈಮೇಲೆ ಸುರಿದುಕೊಳ್ಳುತ್ತಿದ್ದರೂ ನನಗೆ ಚಳಿ ಹಿಡಿಯಿತು. ಅಂದಿನಿಂದ ಒಂದು ವಾರ ತಲೆ ಸ್ವಲ್ಪ ಭಾರವಾದರೂ ಸಾಕು, ಒಲೆಯ ಮುಂದೆ ನಿಂತಲ್ಲೇ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಏನೂ ಆಗಲಿಲ್ಲ. ಆದರೆ ಆ ಹೆದರಿಕೆ ಮಾತ್ರ ಮೈಯಲ್ಲೇ ಉಳಿಯಿತು. ಬೆಟ್ಟಕ್ಕೆ ಹೋಗಲೇಬೇಕಾದರೆ ಸೊಂಟದಿಂದ ಹಿಮ್ಮಡಿಯವರೆಗೆ ದಪ್ಪ ಬಟ್ಟೆಯ ಪ್ಯಾಂಟು ಬೇಕು ಎಂದು ತೀರ್ಮಾನ ಮಾಡಿದೆ.

ಗಂಡನ ಹಳೆಯ ಪ್ಯಾಂಟು ನನ್ನ ಸೊಂಟಕ್ಕೆ ಆಗಲಿಲ್ಲ. ಅದನ್ನು ಹೇಳಿ ಅವರು ನಕ್ಕಿದ್ದನ್ನು ನಾನಿನ್ನೂ ಮರೆತಿಲ್ಲ. ಜೀನ್ಸ್ ತರುತ್ತೇನೆ ಅಂದೆ. ಅತ್ತೆ ಕೈಯಲ್ಲಿದ್ದ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ಅದೆಲ್ಲ ನಮ್ಮನೆ ಒಳಗೆ ತರಡ ತಂಗಿ. ಅಡುಗೆ ಮಾಡವಳು ನೀನೇಯ. ಮಡಿ ಹೇಳದು ಒಂದು ಬ್ಯಾಡ್ದ?"

"ಹಂಗಾರೆ ಬರಿಗಾಲಲ್ಲಿ ಹೋಗವನ ಅತ್ತೆ?" ಅಂದೆ. ನನ್ನ ದನಿ ಸ್ವಲ್ಪ ಏರಿರಬೇಕು.

ಅತ್ತೆ ಮತ್ತೆ ಬತ್ತಿ ಹೊಸೆಯುತ್ತ, "ಉಣ್ಣೆದಾದ್ರೆ ಅಡ್ಡಿಲ್ಲೆ. ಉಣ್ಣೆಗೆ ಮೈಲಿಗೆ ಇಲ್ಲೆ" ಅಂದರು.

ಇದು ನಮ್ಮ ಮನೆಗಳ ಕಾನೂನು. ಹತ್ತಿಯ ಬಟ್ಟೆ ಮುಟ್ಟಿದರೆ ಮೈಲಿಗೆ, ಅದನ್ನು ತೊಳೆಯಲೇಬೇಕು. ಕಂಬಳಿ, ಶಾಲು, ರೇಷ್ಮೆಯ ಪಟ್ಟೆಮಡಿ ಇವಕ್ಕೆ ಮೈಲಿಗೆ ತಾಗುವುದಿಲ್ಲ, ತೊಳೆಯಬೇಕೆಂದಿಲ್ಲ. ಯಾರು, ಯಾಕೆ ಹೀಗೆ ಮಾಡಿದರೋ ಗೊತ್ತಿಲ್ಲ. ಪ್ಯಾಂಟಿಗೂ ಆ ಕಾನೂನು ಹತ್ತುತ್ತದೆ ಎಂದು ಕಂಡುಹಿಡಿದ ಮೊದಲ ಅತ್ತೆ ಬಹುಶಃ ನಮ್ಮ ಅತ್ತೆಯೇ. ನನಗೆ ನಗು ಬಂತು, ಸಮಾಧಾನವೂ ಆಯಿತು.

ಶಿರಸಿಯ ಪೇಟೆಗೆ ಹೋಗಿ ಬಟ್ಟೆ ಅಂಗಡಿಯವನ ಹತ್ತಿರ ಇದ್ದುದರಲ್ಲೇ ದಪ್ಪನೆಯ ಉಣ್ಣೆ ಬಟ್ಟೆ ತೆಗೆಸಿದೆ. ಕೋಟಿಗೆಂದು ತರಿಸಿ ಉಳಿದುಹೋದ ಬೂದುಬಣ್ಣದ ಥಾನು. ಒಂದು ಒಳ್ಳೆಯ ರೇಷ್ಮೆ ಸೀರೆಯ ದುಡ್ಡು ಅದಕ್ಕೇ ಹೋಯಿತು. ಹೋಗಲಿ, ಹತ್ತು ವರ್ಷ ಬಂದರೆ ಹಾಕಿದ ದುಡ್ಡು ಹುಟ್ಟಿತು ಅಂದುಕೊಂಡೆ. ಸಿದ್ದಾಪುರದ ಟೈಲರು ಪ್ಯಾಂಟು ನನಗೇ ಎಂದು ತಿಳಿದ ಕೂಡಲೇ ಟೇಪನ್ನು ನನ್ನ ಕೈಗೇ ಕೊಟ್ಟು, ಗೋಡೆಯ ಕಡೆ ತಿರುಗಿ ಕುಳಿತ. "ನೀವೇ ಸುತ್ಕಂಡು ಹೇಳಿ ಅಮ್ಮ, ನಾ ಬರ್ಕತ್ತೆ." ನಾನು ಅಳತೆ ಕೂಗುವುದು, ಅವನು ಗೋಡೆ ನೋಡುತ್ತ ಬರೆದುಕೊಳ್ಳುವುದು. ಕೂತು ಏಳಲು ತೊಡೆಯಲ್ಲಿ ಸಡಿಲ ಬಿಡು, ಮಂಡಿಗೆ ಎರಡು ಪದರ ಕೊಡು, ಹಿಮ್ಮಡಿಯ ಹತ್ತಿರ ಗುಂಡಿ ಇಟ್ಟು ಇರುವೆಯೂ ನುಗ್ಗದ ಹಾಗೆ ಬಿಗಿ ಮಾಡು ಎಂದೆ. ಅವನು ಎಲ್ಲ ಮಾಡಿಕೊಟ್ಟ. ಕೊಡುವಾಗ, "ನೀರಿಗೆ ಮಾತ್ರ ಹಾಕ್ಬೇಡಿ, ಬಟ್ಟೆ ಕುಗ್ತದೆ. ಕೊಡವಿ ಬಿಸಿಲಿಗೆ ಹಾಕಿ, ಸಾಕು" ಅಂದ. ಅತ್ತೆಯ ಕಾನೂನಿಗೆ ಟೈಲರನ ಮೊಹರೂ ಬಿತ್ತು.

ಆ ಪ್ಯಾಂಟು ಹಾಕಿಕೊಂಡು ಬೆಟ್ಟಕ್ಕೆ ಹೋದ ದಿನ ಬಹಳ ಕಾಲದ ಮೇಲೆ ನನಗೆ ಧೈರ್ಯ ಬಂತು. ಸೆಕೆಗೆ ತೊಡೆ ಬೆಂದುಹೋಗುತ್ತಿತ್ತು, ಆದರೂ ಧೈರ್ಯ. ಗುಡಿಸಿ, ಹೊರೆ ಕಟ್ಟಿ, ಮಧ್ಯಾಹ್ನ ಬಂದು ಪ್ಯಾಂಟನ್ನು ಅಂಗಳದಲ್ಲಿ ಜೋರಾಗಿ ಕೊಡವುತ್ತಿದ್ದೆ. ಬಚ್ಚಲುಮನೆಯ ಹೊರಗಿನ ಗೂಟಕ್ಕೆ ನೇತುಹಾಕಿ, ಮಿಂದು, ಉಂಡು, ಸತ್ತವಳ ಹಾಗೆ ಮಲಗಿಬಿಡುತ್ತಿದ್ದೆ. ದಿನವೂ ಮೈಯೆಲ್ಲ ತಡಕಿ ನೋಡಿಕೊಳ್ಳುತ್ತಿದ್ದೆ. ಒಂದೂ ಸಿಗುತ್ತಿರಲಿಲ್ಲ. ಎಂಥ ಒಳ್ಳೆಯ ಕೆಲಸ ಮಾಡಿದೆ ಎಂದು ನನ್ನನ್ನು ನಾನೇ ಹೊಗಳಿಕೊಂಡೆ.

ಜ್ವರ ಬಂದಿದ್ದು ಅತ್ತೆಗೆ.

ಮೊದಲು ತಲೆಸಿಡಿತ ಅಂದರು. ಸಂಜೆಯ ಹೊತ್ತಿಗೆ ಮೈ ಕಾದ ಕಾವಲಿಯಾಗಿತ್ತು. ಮರುದಿನ ಬೆಳಿಗ್ಗೆ ಅವರ ಕಣ್ಣು ನೋಡಿ ಆಶಾ ಕಾರ್ಯಕರ್ತೆಗೆ ಹೇಳಿಕಳಿಸಿದೆ. ಬಿಳಿಯ ಭಾಗವೆಲ್ಲ ಕೆಂಪಾಗಿತ್ತು. ಆಶಾ ಕಾರ್ಯಕರ್ತೆ ಬಂದವಳು ಅಂಗಳದಲ್ಲೇ ನಿಂತು, "ಬೆಟ್ಟಕ್ಕೆ ಹೋದವ್ರು ಯಾರು?" ಎಂದು ಕೇಳಿದಳು. ನಾನೇ ಎಂದು ಹೇಳಿದೆ. "ಹಾಗಾದ್ರೆ ಅಮ್ಮಂಗೆ ಹೆಂಗೆ ಬಂತು?" ಅಂದಳು. ಸಾದಾ ಜ್ವರವೇ ಇರಬಹುದು ಎಂದು ಅವಳೂ ಅಂದಳು, ನಾವೂ ಅಂದೆವು. ನಾವ್ಯಾರೂ ಅದನ್ನು ನಂಬಲಿಲ್ಲ.

ತಾಲೂಕು ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಬಟ್ಟೆ ಬದಲಿಸುವಾಗ ನರ್ಸ್ ಅತ್ತೆಯ ಕಂಕುಳಲ್ಲಿ ಒಂದು ಕಲೆ ತೋರಿಸಿದಳು. ನಡುವೆ ಉಣುಗು ಇನ್ನೂ ಕಚ್ಚಿಕೊಂಡೇ ಇತ್ತು. ವರದಿ ಬರುವ ಮೊದಲೇ ನನಗೆ ವರದಿ ಬಂದ ಹಾಗಾಯಿತು. ಮರುದಿನ ಅದೇ ಕಾಯಿಲೆ ಎಂದು ಖಚಿತವಾಯಿತು. ಜ್ವರ ಇಳಿದರೂ ನಂಬಬೇಡಿ, ಕೆಲವರಿಗೆ ಇಳಿದದ್ದು ಒಂದೆರಡು ವಾರದಲ್ಲಿ ತಿರುಗಿ ಬರುತ್ತದೆ, ಎರಡನೆಯ ಸಲ ಬಂದದ್ದು ಹೆಚ್ಚು ಕೆಟ್ಟದ್ದು ಎಂದು ಡಾಕ್ಟರು ಹೇಳಿದರು. ವಸಡಿನಲ್ಲಿ ರಕ್ತ ಬಂದರೆ ಕೂಡಲೇ ಹೇಳಿ ಅಂದರು. ನಾನು ಗಳಿಗೆಗೊಮ್ಮೆ ಅತ್ತೆಯ ತುಟಿ ಬಿಡಿಸಿ ನೋಡುತ್ತ ಕುಳಿತೆ. ಮದುವೆಯಾಗಿ ಬಂದಾಗಿನಿಂದ ನನಗೆ ಅಡುಗೆ, ಪೂಜೆ, ಬೈಗುಳ ಎಲ್ಲ ಕಲಿಸಿದ ಬಾಯಿ ಅದು. ಆ ಬಾಯಿ ಇಲ್ಲದ ಮನೆಗೆ ತಿರುಗಿ ಹೋಗುವುದು ಹೇಗೆ?

ಕಾರಿಡಾರಿನಲ್ಲಿ ನನ್ನ ಗಂಡ ತಲೆ ತಗ್ಗಿಸಿ ತಮ್ಮ ತಾಯಿಯ ಮಾತೆತ್ತಿದರು. "ಆಯಿ ಮಧ್ಯಾಹ್ನ ನಿನ್ನ ಪ್ಯಾಂಟು ತೊಡೆ ಮೇಲೆ ಹಾಕ್ಕಂಡು ಕೂತ್ಕತ್ತಿತ್ತು. ರಜೆ ದಿನ ನಾನೇ ನೋಡಿದ್ದಿ. ಎಂತಕ್ಕೆ ಹೇಳಿ ಕೇಳಿದ್ದಿಲ್ಲೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೈಲಿಗೆ ಇಲ್ಲ ಎಂದು ಮಂಡಿಗೆ ಶಾಲಿನ ಹಾಗೆ ಹೊದ್ದುಕೊಂಡಿದ್ದಾರೆ! ಮಡಿ ಮಡಿ ಎಂದು ಜೀವ ಕಳೆದುಕೊಳ್ಳುತ್ತಾರೆ. ಉಣ್ಣೆಯ ಎಳೆಯೊಳಗೆ ಉಣುಗು ಹೊಕ್ಕರೆ ಎಷ್ಟು ಕೊಡವಿದರೂ ಬೀಳುವುದಿಲ್ಲ ಎಂದು ನರ್ಸ್ ಹೇಳಿದ್ದು ಅದೇ ದಿನ. ತೊಳೆಯಬಾರದ ಬಟ್ಟೆಯನ್ನೇ ಹುಡುಕಿ ಹುಡುಕಿ ಬೆಟ್ಟಕ್ಕೆ ಹೊಲಿಸಿದ್ದೆವು, ಅತ್ತೆ ಸೊಸೆ ಇಬ್ಬರೂ ಸೇರಿ. ಸಿಟ್ಟು ಯಾರ ಮೇಲೆ ತೀರಿಸುವುದು? ವಾರ್ಡಿಗೆ ಹೋಗಿ ಮತ್ತೆ ತುಟಿ ಬಿಡಿಸಿ ನೋಡಿದೆ.

ಜ್ವರ ಇಳಿದ ದಿನ ಅತ್ತೆ ಗಂಜಿ ಕುಡಿದರು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಮಂಡಿಗೆ ಹೊದಿಯಲೆ ಮನೇಲಿ ಬೇರೆ ಕಂಬಳಿ ಇತ್ತಿಲ್ಯ ಅತ್ತೆ?"

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಿಧಾನವಾಗಿ, "ಹೊದಿಯಲೆ ಅಲ್ಲ ತಂಗಿ" ಅಂದರು. "ತೊಳದ್ರೆ ಹಾಳಾಗ್ತು ಹೇಳಿದೆ ನೀನು. ಉಣುಗು ಒಳಗೇ ಇದ್ರೆ ಮರುದಿನ ನಿಂಗೇ ಕಚ್ತಲೆ. ಅದ್ಕೆ ಹೆಕ್ತಾ ಇದ್ದಿದ್ದಿ. ಕಣ್ಣು ಸರಿ ಕಾಣ್ತಿಲ್ಲೆ, ಬೆರಳಿಗೆ ಸಿಕ್ಕಿದ್ದಷ್ಟೇಯ. ನಿಂಗೆ ಹೇಳಿದ್ರೆ ಹೆದರ್ತೆ ಹೇಳಿ ಸುಮ್ನಿದ್ದಿ."

ನಾನು ಲೋಟ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ ಅತ್ತುಬಿಟ್ಟೆ.

ಮನೆಗೆ ಕರೆತಂದ ದಿನ ಬಚ್ಚಲುಮನೆಯ ಹಿಂದೆ ನೋಡಿದೆ. ಕಳೆ ಕತ್ತರಿಸುವ ಯಂತ್ರಕ್ಕೆಂದು ಇಟ್ಟ ಪೆಟ್ರೋಲನ್ನು, ಹೆಕ್ಕಿದ್ದನ್ನು ಹಾಕಲು ಅತ್ತೆ ಸ್ವಲ್ಪ ಬಗ್ಗಿಸಿಕೊಂಡ ತೆಂಗಿನ ಗರಟೆ ಅಲ್ಲಿತ್ತು. ಪೆಟ್ರೋಲು ಆರಿಹೋಗಿತ್ತು. ತಳದಲ್ಲಿ ಕಪ್ಪು ಪುಡಿ ಚೆಲ್ಲಿದ ಹಾಗೆ ಉಣುಗುಗಳು ಅಂಟಿಕೊಂಡಿದ್ದವು. ಅಷ್ಟೂ ನನ್ನ ಕಾಲಿಗೆಂದು ಬಂದಿದ್ದವು. ಪ್ಯಾಂಟನ್ನು ಕೋಲಿನಲ್ಲಿ ಎತ್ತಿ ಹಂಡೆಯ ಒಲೆಗೆ ಹಾಕಿದೆ. ಹತ್ತು ವರ್ಷ ಬಾಳಬೇಕಿದ್ದ ಬಟ್ಟೆ, ಬೇಗ ಉರಿಯಲೂ ಇಲ್ಲ. ಕೂದಲು ಸುಟ್ಟ ವಾಸನೆ ಅಂಗಳದ ತುಂಬ ನಿಂತಿತು.

ಎರಡನೆಯ ಜ್ವರಕ್ಕೆ ಕಾಯುವುದು ಜ್ವರಕ್ಕಿಂತ ಕಷ್ಟ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಕೈ ಅವರ ಹಣೆಗೆ ಹೋಗುತ್ತಿತ್ತು. ತಣ್ಣಗಿದ್ದರೆ ಒಲೆ ಹಚ್ಚುತ್ತಿದ್ದೆ. ಮಧ್ಯಾಹ್ನ ಮತ್ತೆ ಮುಟ್ಟುತ್ತಿದ್ದೆ. ಡಾಕ್ಟರು ಹೇಳಿದ್ದ ಗಡುವು ಮುಗಿದ ದಿನ ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಎಲ್ಲಿ ಜ್ವರ ಕೇಳಿಸಿಕೊಳ್ಳುತ್ತದೋ ಎಂಬ ಹೆದರಿಕೆ. ಅಂದೂ ಕೈ ಹಣೆಗೆ ಹೋಯಿತು. ಅತ್ತೆ ಆ ಕೈಯನ್ನು ಪಕ್ಕಕ್ಕೆ ಸರಿಸಿದರು.

"ಸಾಕು, ನಂದಾತು. ಈಗ ನಿನ್ನ ಕಾಲು ತೋರ್ಸು."

"ನಂಗೆ ಎಂತ ಆಜಿಲ್ಲೆ ಅತ್ತೆ."

"ಹೆಕ್ಕಿದ್ರಲ್ಲಿ ಒಂದಾದ್ರೂ ತಪ್ಪಿ ಹೋಗಿಕ್ಕು ಹೇಳಿ ಆಸ್ಪತ್ರೆಲಿ ಮಲಗಿದಾಗ್ಲೂ ಅದೇ ಯೋಚನೆ. ತೋರ್ಸು."

ಅವರು ಕುಳಿತಲ್ಲಿಂದಲೇ ಬಗ್ಗಿ ನನ್ನ ಪಾದ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡರು. ಅತ್ತೆ ಸೊಸೆಯ ಕಾಲು ಮುಟ್ಟುವುದುಂಟೇ? ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ, ಬಿಡಲಿಲ್ಲ. ಅವರ ಬೆರಳುಗಳು ಹಿಮ್ಮಡಿಯಿಂದ ಮೇಲಕ್ಕೆ, ಒಂದು ಎಳೆಯನ್ನೂ ಬಿಡದ ಹಾಗೆ, ನಿಧಾನವಾಗಿ ತಡಕತೊಡಗಿದವು. ನಾನು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಕುಳಿತೆ.